ಪುಸ್ತಕ ಇದೆ, ನೀವು ನೋಡಿದ ಕಡೆ ಇಲ್ಲ

ನಿವೃತ್ತಿಯಾದ ಮೇಲೆ ವಾರಕ್ಕೆ ಮೂರು ದಿನ ಮೈಸೂರಿನ ಒಂದು ಸಾರ್ವಜನಿಕ ಗ್ರಂಥಾಲಯದ ಎರವಲು ವಿಭಾಗದಲ್ಲಿ, ಕಿಟಕಿ ಪಕ್ಕದ ಬೆಂಚಿನ ಮೇಲೆ ಕುಳಿತಿರುತ್ತೇನೆ. ಅಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತು ಒಂದೇ: "ಇಲ್ಲೇನೂ ಸಿಗುವುದಿಲ್ಲ ಬಿಡಿ." ಹಾಗೆ ಗೊಣಗಿಕೊಂಡು ಹೊರಟವರ ಪೈಕಿ ಅರ್ಧ ಜನರಿಗೆ ಬೇಕಾಗಿದ್ದ ಪುಸ್ತಕ ಅವರ ಬೆನ್ನ ಹಿಂದೆಯೇ ಇತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಕೆಲವು ವಾರಗಳ ಹಿಂದೆ ಮಂಡ್ಯದಿಂದ ಬೆಳಗಿನ ರೈಲಿಗೆ ಬಂದಿದ್ದ ಹುಡುಗಿಯೊಬ್ಬಳು ಪು.ತಿ.ನ., ಅಂದರೆ ಪು.ತಿ. ನರಸಿಂಹಾಚಾರ್ ಅವರ ಕವಿತೆಗಳಿಗಾಗಿ 'ಪ' ಅಕ್ಷರದ ಎದುರು ಮುಕ್ಕಾಲು ಗಂಟೆ ತಡಕಾಡಿದಳು. ಕೊನೆಗೆ ನಾನೇ ಎದ್ದು ಹೋಗಿ, ಎರಡು ಸಾಲು ಮೇಲಿದ್ದ 'ನರಸಿ' ಎಂಬ ಚೀಟಿಯನ್ನು ತೋರಿಸಿದೆ. "ಸಾರ್, ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ?" ಎಂದಳು. ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಲೇಖನ.

ಮೊದಲು ಕಾರ್ಡು

ಇದರಲ್ಲಿ ಕಷ್ಟವೇನೂ ಇಲ್ಲ. ಅರ್ಜಿ, ಫೋಟೊ, ವಿಳಾಸದ ದಾಖಲೆ, ಹಿಂತಿರುಗಿ ಸಿಗುವ ಠೇವಣಿ. ಹೊರಡುವ ಮುನ್ನ ಎರಡು ಸಂಗತಿ ಕೇಳಿಕೊಳ್ಳಿ: ಠೇವಣಿ ಎಷ್ಟು, ಜಾಮೀನು ಸಹಿ ಬೇಕೇ. ಪಿ.ಜಿ.ಯಲ್ಲಿರುವ ವಿದ್ಯಾರ್ಥಿಗಳು ಊರಿನ ವಿಳಾಸದ ಆಧಾರ್ ಹಿಡಿದು ಹೋಗಿ ಪೆಚ್ಚಾಗುವುದನ್ನು ನೋಡಿದ್ದೇನೆ. ಕಾಲೇಜಿನ ದೃಢೀಕರಣ ಪತ್ರ ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಠೇವಣಿಯ ರಸೀದಿಯನ್ನು ಮನೆ ಪತ್ರದ ಜೊತೆ ಇಡಿ, ಪರ್ಸಿನಲ್ಲಿ ಬೇಡ. ಸಾಮಾನ್ಯವಾಗಿ ಸೋಮವಾರ ರಜೆ. ಆ ದಿನ ಬಂದು ಬೀಗ ನೋಡಿಕೊಂಡು ಹೋಗುವವರಿಗೆ ನನ್ನ ಸಂತಾಪ.

'ಸರ್ಕಾರದ ಪುಕ್ಕಟೆ ಸೇವೆ, ಇಷ್ಟೇ ಇರುತ್ತದೆ' ಎನ್ನುವವರು ತಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಲಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಗ್ರಂಥಾಲಯ ಕರ ಎಂಬ ಸಾಲು ಅದರಲ್ಲಿ ಇರುತ್ತದೆ, ಆಸ್ತಿ ತೆರಿಗೆಯ ಮೇಲೆ ಶೇ 6. ಪುಕ್ಕಟೆಯಲ್ಲ, ಮುಂಗಡ ಕೊಟ್ಟಿದ್ದೀರಿ. ಕೊಟ್ಟ ಮೇಲೆ ಬಳಸದೇ ಇರುವುದು ಹೋಟೆಲಿನಲ್ಲಿ ಬಿಲ್ಲು ಕಟ್ಟಿ ಊಟ ಬಿಟ್ಟು ಬಂದ ಹಾಗೆ.

ಮನೆಯಲ್ಲೇ ಒಂದು ಚೀಟಿ ಬರೆಯಿರಿ

ಲೇಖಕರ ಪೂರ್ಣ ಹೆಸರು, ಕಾವ್ಯನಾಮ, ಪುಸ್ತಕದ ಹೆಸರು. ಮೊಬೈಲಿನಲ್ಲಿ ಮುಖಪುಟದ ಫೋಟೊ ಮಾತ್ರ ಇಟ್ಟುಕೊಂಡು ಬಂದು 'ಇದೇ ಕೆಂಪು ಬಣ್ಣದ್ದು' ಎನ್ನಬೇಡಿ. ಗ್ರಂಥಾಲಯದಲ್ಲಿರುವ ಪ್ರತಿಗೆ ಬೈಂಡಿಂಗ್ ಆಗಿ ಹತ್ತು ವರ್ಷವಾಗಿರಬಹುದು. ಅದು ಈಗ ಕಂದು ಬಣ್ಣದ್ದು.

ಸೂಚಿಯಲ್ಲಿ ಯಾವ ಸಂಖ್ಯೆ ಬರೆದುಕೊಳ್ಳಬೇಕು

ಸೂಚಿ ಎಂದರೆ ಗ್ರಂಥಾಲಯದ ಪುಸ್ತಕಗಳ ಪಟ್ಟಿ. ಅದು ಕಾರ್ಡಿನ ಪೆಟ್ಟಿಗೆಯಾಗಿರಲಿ, ಕಂಪ್ಯೂಟರ್ ಪರದೆಯಾಗಿರಲಿ, ಒಂದು ಪುಸ್ತಕಕ್ಕೆ ಎರಡು ಸಂಖ್ಯೆಗಳು ಕಾಣುತ್ತವೆ. ಒಂದು ಆಕ್ಸೆಷನ್ ಸಂಖ್ಯೆ: ಪುಸ್ತಕ ಗ್ರಂಥಾಲಯಕ್ಕೆ ಬಂದ ಕ್ರಮದಲ್ಲಿ ದಾಖಲೆ ಪುಸ್ತಕದಲ್ಲಿ ಬಿದ್ದ ಅಂಕಿ, ಒಳಪುಟದಲ್ಲಿ ಮೊಹರಿನ ಜೊತೆ ಇರುತ್ತದೆ. ಅದು ಕಚೇರಿಯ ಲೆಕ್ಕಕ್ಕೆ, ನಿಮಗಲ್ಲ. ಜನ ಅದನ್ನೇ ದೊಡ್ಡದಾಗಿ ಬರೆದುಕೊಂಡು ಬಂದು ಅಲೆಯುತ್ತಾರೆ. ನಿಮಗೆ ಬೇಕಾದದ್ದು ಪುಸ್ತಕದ ಬೆನ್ನಿನ ಚೀಟಿಯಲ್ಲಿರುವ ಸಂಖ್ಯೆ, ಅಂದರೆ ಕಾಲ್ ನಂಬರ್. ಮೇಲಿನ ಸಾಲಿನಲ್ಲಿ ವಿಷಯದ ಅಂಕಿ, ಕೆಳಗಿನ ಸಾಲಿನಲ್ಲಿ ಲೇಖಕರ ಹೆಸರಿನ ಮೊದಲ ಎರಡು ಮೂರು ಅಕ್ಷರ. ಎರಡನ್ನೂ ಬರೆದುಕೊಳ್ಳಿ. ಅಂಕಿ ಮಾತ್ರ ಇದ್ದರೆ ಕನ್ನಡ ಕಾದಂಬರಿಗಳ ಸಮುದ್ರದಲ್ಲಿ ಮುಳುಗುತ್ತೀರಿ.

ನಾನು ಮುಂದೆ ಹೇಳುವುದು ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯ ಅಂಕಿಗಳನ್ನು ಕುರಿತು. ಚೀಟಿಯಲ್ಲಿ ಇಂಗ್ಲಿಷ್ ದೊಡ್ಡಕ್ಷರವೂ ನಡುವೆ ಎರಡು ಚುಕ್ಕೆಗಳ ಕೋಲನ್ ಚಿಹ್ನೆಯೂ ಕಂಡರೆ ಅದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ. ಅಲ್ಲಿ ನೇರವಾಗಿ ಸಿಬ್ಬಂದಿಯನ್ನು ಕೇಳುವುದೇ ಜಾಣತನ.

ರ್‍ಯಾಕ್ ಮುಂದೆ: ಎಲ್ಲರೂ ಎಡವುವ ಜಾಗ

ಮೊದಲ ಎಡವಟ್ಟು ನಡಿಗೆಯದು. ಜನ ಮೇಲಿನ ಸಾಲು ಹಿಡಿದು ಗೋಡೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ, ಮತ್ತೆ ಎರಡನೇ ಸಾಲಿಗೆ ವಾಪಸು. ಪುಸ್ತಕಗಳು ಹಾಗೆ ಜೋಡಿಸಿರುವುದಿಲ್ಲ. ಒಂದು ರ್‍ಯಾಕನ್ನು ಪತ್ರಿಕೆಯ ಒಂದು ಕಾಲಂ ಎಂದುಕೊಳ್ಳಿ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಗೆ ಅದನ್ನು ಪೂರ್ತಿ ಮುಗಿಸಿ, ಆಮೇಲೆ ಪಕ್ಕದ ರ್‍ಯಾಕಿನ ನೆತ್ತಿಗೆ ಹೋಗಬೇಕು. ಕೆಳಗಿನ ಸಾಲಿಗೆ ಬಗ್ಗಲು ಸೋಮಾರಿತನ ಮಾಡಬೇಡಿ. ಒಳ್ಳೆಯ ಪುಸ್ತಕಗಳು ಅಲ್ಲೇ ಉಳಿದಿರುತ್ತವೆ, ಯಾರೂ ಬಗ್ಗುವುದಿಲ್ಲವಲ್ಲ.

ಎರಡನೆಯದು ಅಂಕಿಯದು, ಇದೇ ದೊಡ್ಡದು. ಕನ್ನಡ ಸಾಹಿತ್ಯದ ಅಂಕಿ 894.814. ಅದರ ಮುಂದೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕಥೆ ಕಾದಂಬರಿ. ಹಾಗಾಗಿ ಕಾದಂಬರಿ 894.8143. ತೆಲುಗು ಸಾಹಿತ್ಯ 894.827. ಈಗ ಹೇಳಿ, ಕನ್ನಡ ಕಾದಂಬರಿ ತೆಲುಗಿಗಿಂತ ಮೊದಲು ಬರುತ್ತದೆಯೋ ನಂತರವೋ? ಚುಕ್ಕೆಯ ಆಚೆಗಿನದ್ದನ್ನು 'ಎಂಟು ಸಾವಿರದ ನೂರ ನಲವತ್ತಮೂರು' ಎಂದು ಓದಿದವರು 'ಎಂಟುನೂರ ಇಪ್ಪತ್ತೇಳ'ನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಎಂಜಿನಿಯರಿಂಗ್ ಓದಿದವರೂ ಹೋಗುತ್ತಾರೆ! ಚುಕ್ಕೆಯ ನಂತರದ ಅಂಕಿಗಳನ್ನು ನಿಘಂಟಿನಲ್ಲಿ ಅಕ್ಷರ ನೋಡುವಂತೆ ಒಂದೊಂದಾಗಿ ನೋಡಬೇಕು. ಎರಡರಲ್ಲೂ ಮೊದಲು 8, ಸಮ. ಮುಂದೆ ಇಲ್ಲಿ 1, ಅಲ್ಲಿ 2. ಅಲ್ಲಿಗೆ ತೀರ್ಮಾನವಾಯಿತು, ಉಳಿದ ಅಂಕಿಗಳು ಎಷ್ಟೇ ಉದ್ದವಿರಲಿ, ಕನ್ನಡ ಮೊದಲು. ತಮಿಳು 894.811, ಮಲಯಾಳ 894.812, ಆಮೇಲೆ ನಮ್ಮದು, ಅದಾದ ಮೇಲೆ ತೆಲುಗು. ನೆರೆಹೊರೆಯವರ ಈ ಸಾಲು ನೆನಪಿದ್ದರೆ ಸಾಕು.

ಮೂರನೆಯದು ಹೆಸರಿನದು, ಇದು ನಮ್ಮ ಕನ್ನಡಕ್ಕೇ ವಿಶಿಷ್ಟವಾದ ಗೋಜಲು. ನಮ್ಮ ಹಳೇ ಮೈಸೂರಿನ ಕಡೆ ಹೆಸರಿನ ಹಿಂದೆ ಊರಿನದೋ ತಂದೆಯದೋ ಇನಿಶಿಯಲ್ ಇರುತ್ತದೆ. ಅದನ್ನು ಬಿಟ್ಟು ಹುಡುಕಬೇಕು. ಎಸ್.ಎಲ್. ಭೈರಪ್ಪ ಸಿಗುವುದು 'ಭೈ'ನಲ್ಲಿ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುವುದರಿಂದ ಚಂದ್ರಶೇಖರ ಕಂಬಾರರು 'ಚ'ದಲ್ಲಿ ಸಿಗುವುದಿಲ್ಲ, 'ಕಂಬಾ' ಎಂದು ನೋಡಬೇಕು. ಊರಿನ ಹೆಸರನ್ನೇ ಮುಂದಿಟ್ಟುಕೊಂಡ ದೇವನೂರ ಮಹಾದೇವ ಅವರನ್ನು ಒಬ್ಬ ಗ್ರಂಥಪಾಲಕ 'ದೇ'ನಲ್ಲಿ ಇಟ್ಟರೆ ಇನ್ನೊಬ್ಬರು 'ಮ'ದಲ್ಲಿ ಇಡುತ್ತಾರೆ. ಎರಡೂ ಕಡೆ ನೋಡಿ, ಜಗಳಕ್ಕೆ ನಿಲ್ಲಬೇಡಿ.

ಕಾವ್ಯನಾಮಗಳದು ಬೇರೆಯೇ ಪಾಡು. ಕುವೆಂಪು 'ಕುವೆ'ಯಲ್ಲಿ ಇಲ್ಲದಿದ್ದರೆ 'ಪುಟ್ಟ'ದಲ್ಲಿ ನೋಡಿ, ಕೆ.ವಿ. ಪುಟ್ಟಪ್ಪ ಎಂದು ನಮೂದಿಸಿದ ಹಳೆಯ ಪ್ರತಿಗಳು ಅಲ್ಲಿರಬಹುದು. ತ್ರಿವೇಣಿ ಅವರ ನಿಜ ನಾಮಧೇಯ ಅನಸೂಯ ಎಂದು ತಿಳಿದಿದ್ದ ನಾನು ಒಮ್ಮೆ ಅತಿಬುದ್ಧಿವಂತಿಕೆಯಿಂದ 'ಅ'ಕಾರದಲ್ಲಿ ಅರ್ಧ ಗಂಟೆ ಕಳೆದೆ. ಅವರು ತಮ್ಮ ಪಾಡಿಗೆ 'ತ್ರಿವೇ'ಯಲ್ಲಿ ಇದ್ದರು. ಮೊದಲು ಕಾವ್ಯನಾಮ, ಆಮೇಲೆ ನಿಜನಾಮ: ಇದು ನನ್ನ ಖಾಯಂ ಕ್ರಮ. ಇನ್ನು ಮಂಡ್ಯ ಜಿಲ್ಲೆಯ ಇಬ್ಬರು ಕವಿಗಳು, ಮೇಲುಕೋಟೆಯ ಪು.ತಿ. ನರಸಿಂಹಾಚಾರ್ ಮತ್ತು ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ. ಇಬ್ಬರಿಗೂ ಕಾವ್ಯದ ಅಂಕಿ ಒಂದೇ, ಚೀಟಿಯೂ 'ನರಸಿ' ಎಂದು ಒಂದೇ! ಒಬ್ಬರ ಪುಸ್ತಕದ ನಡುವೆ ಇನ್ನೊಬ್ಬರದು ಸೇರಿಕೊಂಡಿರುತ್ತದೆ. ಇಲ್ಲಿ ಚೀಟಿಯನ್ನು ನಂಬಬೇಡಿ, ಒಂದೊಂದನ್ನೂ ಎಳೆದು ಹೆಸರು ಓದಿ.

ಅಕ್ಷರಗಳ ಕ್ರಮದಲ್ಲೂ ಒಂದು ಗುಂಡಿ ಇದೆ. ಶಾಲೆಯ ಕಾಗುಣಿತದಲ್ಲಿ ಕ, ಕಾ, ಕಿ ಎಂದು ಹೇಳಿ ಕೊನೆಗೆ ಕಂ, ಕಃ ಎಂದು ಮುಗಿಸುತ್ತೇವೆ. ನಿಘಂಟಿನ ಕ್ರಮದಲ್ಲಿ 'ಕಂ' ಮೊದಲೇ ಬರುತ್ತದೆ. ಕಂಬಾರರು ಕಟ್ಟೀಮನಿಯವರಿಗಿಂತ ಮೊದಲು. 'ಕೌ' ಮುಗಿದ ಮೇಲೆ ಕಂಬಾರರನ್ನು ಹುಡುಕುತ್ತ ನಿಂತವರಿಗೆ ಅಲ್ಲಿ ಸಿಗುವುದು 'ಖ' ಅಷ್ಟೇ. ಆದರೆ ಜೋಡಿಸುವವರೂ ಕಾಗುಣಿತ ಕಲಿತವರೇ ಅಲ್ಲವೇ! ಮೊದಲಲ್ಲಿ ಸಿಗದಿದ್ದರೆ ಕೊನೆಯಲ್ಲೂ ಒಮ್ಮೆ ಕಣ್ಣು ಹಾಯಿಸಿ.

ನಾಲ್ಕನೆಯದು, ಒಬ್ಬ ಲೇಖಕರ ಪುಸ್ತಕವೆಲ್ಲ ಒಂದೇ ಕಡೆ ಇರುತ್ತದೆ ಎಂಬ ಭ್ರಮೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಗಳು 894.8143ರಲ್ಲಿ, ಹಕ್ಕಿಗಳ ಬಗ್ಗೆ ಬರೆದದ್ದು ಪಕ್ಷಿಶಾಸ್ತ್ರದ 598ರಲ್ಲಿ, ಅಂದರೆ ಹಲವು ರ್‍ಯಾಕ್ ಆಚೆ, ವಿಜ್ಞಾನದ ನಡುವೆ. ಅನುವಾದಗಳು ಇನ್ನೂ ತಮಾಷೆ. ನಿಯಮದ ಪ್ರಕಾರ ಬಂಗಾಳಿಯಿಂದ ಕನ್ನಡಕ್ಕೆ ಬಂದ ಕಾದಂಬರಿ ಬಂಗಾಳಿಯ 891.44ರ ಕುಟುಂಬಕ್ಕೇ ಸೇರಬೇಕು. ಕೆಲವು ಗ್ರಂಥಾಲಯಗಳು ಓದುಗರ ಮೇಲೆ ಕರುಣೆಯಿಟ್ಟು ಕನ್ನಡದ ಜೊತೆಗೇ ಇಡುತ್ತವೆ. ನಿಯಮ ಮುರಿದರೂ ಅವರು ಮಾಡಿದ್ದೇ ಸರಿ ಎಂದು ನಾನು ಹೇಳುತ್ತೇನೆ. 'ಓದುಗರ ಸಮಯ ಉಳಿಸಿ' ಎಂಬುದು ರಂಗನಾಥನ್ ಅವರೇ 1931ರಲ್ಲಿ ಬರೆದಿಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದಲ್ಲವೇ?

ಇಷ್ಟಾದರೂ ಸಿಗಲಿಲ್ಲವೇ

ಹಿಂದಿನ ಓದುಗರು ವಾಪಸು ಕೊಟ್ಟ ಪುಸ್ತಕಗಳು ಗುಡ್ಡೆ ಬಿದ್ದಿರುವ ಮೇಜನ್ನು ನೋಡಿ. ಬೇಡಿಕೆಯ ಪುಸ್ತಕಗಳು ರ್‍ಯಾಕ್ ಏರುವುದೇ ಇಲ್ಲ, ಮೇಜಿನಿಂದಲೇ ಮತ್ತೆ ಮನೆಗೆ ಹೋಗುತ್ತವೆ. ಸಾಲಿನ ಹಿಂದೆ ಜಾರಿ ಬಿದ್ದಿದೆಯೇ ಎಂದು ಕೈ ಹಾಕಿ ತಡವಿ. ಧೂಳು ಅಂಟುತ್ತದೆ, ತೊಳೆದುಕೊಳ್ಳಬಹುದು. ಆಮೇಲೆ ಸಿಬ್ಬಂದಿಯನ್ನು ಕೇಳಿ. 'ಓದುವುದಕ್ಕೆ ಚೆನ್ನಾಗಿರುವುದು ಏನಾದರೂ ಇದೆಯಾ?' ಎಂದು ಕೇಳಿದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಚೀಟಿ ತೋರಿಸಿ, 'ಇದು ಎರವಲು ಹೋಗಿದೆಯೇ, ಬೈಂಡಿಂಗಿಗೆ ಹೋಗಿದೆಯೇ?' ಎಂದು ಕೇಳಿ. ಪ್ರಶ್ನೆ ನಿಖರವಾಗಿದ್ದರೆ ಎಂಥ ಮುಂಗೋಪಿಯೂ ಕುರ್ಚಿಯಿಂದ ಏಳುತ್ತಾರೆ. ಪುಸ್ತಕವನ್ನು ತರಿಸಿಯೇ ಇಲ್ಲವೆಂದಾದರೆ ಬೇಡಿಕೆಯನ್ನು ಬರೆದು ಕೊಡಿ. ಬಾಯಿಮಾತಿನ ಬೇಡಿಕೆಗೆ ಆಯುಸ್ಸು ಕಡಿಮೆ.

ಮೊಬೈಲಿನಲ್ಲಿ ಓದಲು ಅಡ್ಡಿಯಿಲ್ಲದವರು 2020ರಲ್ಲಿ ಶುರುವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ನನ್ನ ಕಣ್ಣಿಗೆ ಅದು ಒಗ್ಗಲಿಲ್ಲ. ಗುಂಪುಗಳಲ್ಲಿ ಹರಿದಾಡುವ ಕಳ್ಳ ಪಿ.ಡಿ.ಎಫ್.ಗಳ ಸಹವಾಸ ಮಾತ್ರ ಬೇಡ: ಪುಟ ವಾರೆ, ಅಂಚಿನ ಅಕ್ಷರ ಮಾಯ, ಲೇಖಕರಿಗೆ ನಾಮ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿರುವವರು ನಗರಕ್ಕೆ ಬರುವ ಮುನ್ನ ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನೂ ಒಮ್ಮೆ ನೋಡಲಿ, ಈಗ ಅದರ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಎಂದಿರುತ್ತದೆ.

ಮನೆಗೆ ಕೊಡದ ಪುಸ್ತಕಗಳು

ಪರಾಮರ್ಶನ ವಿಭಾಗದ್ದು ಅಲ್ಲೇ ಕುಳಿತು ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಜಿಲ್ಲಾ ಗ್ಯಾಸೆಟಿಯರುಗಳು, ಶಾಸನ ಸಂಪುಟಗಳು. ತಮ್ಮ ಊರಿನ ಹೆಸರು ಯಾವ ಶಾಸನದಲ್ಲಿದೆ ಎಂದು ನೋಡಲು ಬರುವವರಿದ್ದಾರೆ. ಅಂಥವರು ಸಂಪುಟದ ಹಿಂದಿನ ಪದಸೂಚಿಯಿಂದ ಆರಂಭಿಸಿದರೆ ಒಂದು ದಿನ ಉಳಿಯುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನೂ ಹಲವೆಡೆ ಹೊರಗೆ ಕೊಡುವುದಿಲ್ಲ. ಒಂಬತ್ತು ಗಂಟೆಗೆ ಬ್ಯಾಗು ಇಟ್ಟು ಕುರ್ಚಿ ಹಿಡಿದು, ಹನ್ನೊಂದಕ್ಕೆ ತಿಂಡಿ ಮುಗಿಸಿ ಬರುವ ಗೆಳೆಯರೇ, ನಿಂತುಕೊಂಡು ಓದುತ್ತಿರುವವರು ನಿಮ್ಮ ಬ್ಯಾಗನ್ನು ಹೇಗೆ ನೋಡುತ್ತಾರೆ ಎಂದು ನಾನು ನೋಡಿದ್ದೇನೆ.

ತಂದ ಮೇಲೆ, ವಾಪಸು ಕೊಡುವಾಗ

ಅವಧಿಯನ್ನು ಪುಸ್ತಕದ ದಿನಾಂಕ ಚೀಟಿಯಲ್ಲಿ ಒತ್ತಿರುತ್ತಾರೆ. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಹರಿದ ಪುಟ ಕಂಡರೆ ದಯವಿಟ್ಟು ಸೆಲ್ಲೊಟೇಪ್ ಹಚ್ಚಬೇಡಿ. ಅಗ್ಗದ ಟೇಪು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಉದುರಿ, ಅಂಟು ಮಾತ್ರ ಕಾಗದದೊಳಗೆ ಇಳಿದು ಅಕ್ಷರವನ್ನೂ ಕಲೆ ಮಾಡುತ್ತದೆ. ಪರಹಿತಕ್ಕೆಂದು ಟೇಪು ಹಚ್ಚಿದವರಿಂದ ಹಾಳಾದಷ್ಟು ಪುಸ್ತಕ ಇಲಿಗಳಿಂದಲೂ ಹಾಳಾಗಿರಲಿಕ್ಕಿಲ್ಲ. ಹರಿದಿರುವ ಪುಟದ ಸಂಖ್ಯೆಯನ್ನು ಒಂದು ಚೂರು ಕಾಗದದಲ್ಲಿ ಬರೆದು ಕೌಂಟರಿನಲ್ಲಿ ಕೊಡಿ, ಸಾಕು.

ಓದಿ ನೋಡಿ ಬೇಡವೆನಿಸಿದ ಪುಸ್ತಕವನ್ನು ನೀವೇ ರ್‍ಯಾಕಿಗೆ ಸೇರಿಸಲು ಹೋಗಬೇಡಿ. ಮೇಜಿನ ಮೇಲೆ ಬಿಡಿ. ನಿಮಗೆ ಸಿಗದೆ ಹೋದ ಆ ಪುಸ್ತಕವನ್ನು ಬಹುಶಃ ಹೀಗೆಯೇ ಯಾರೋ ಒಳ್ಳೆಯ ಮನಸ್ಸಿನಿಂದ ತೆಲುಗಿನ ಆಚೆ ಇಟ್ಟು ಹೋಗಿದ್ದಾರೆ.