ಇಗರ್ಜಿ ಶಾಲೆಯ ಸಲಹಾ ಮಂಡಳಿ: ಸದಸ್ಯರು ಯಾವಾಗ ಏನು ಮಾಡಬೇಕು?

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಬರುವ ಆರನೇ ಕೆಲಸದ ದಿನ ಕಾಸರಗೋಡಿನ ಅನುದಾನಿತ ಶಾಲೆಗಳ ಪಾಲಿಗೆ ವರ್ಷದ ದೊಡ್ಡ ದಿನ. ಅಂದಿನ ಮಕ್ಕಳ ಲೆಕ್ಕ ಹಿಡಿದು ಆ ವರ್ಷ ಎಷ್ಟು ಡಿವಿಷನ್ (ತರಗತಿಯ ವಿಭಾಗ), ಎಷ್ಟು ಅಧ್ಯಾಪಕ ಹುದ್ದೆ ಎಂದು ಶಿಕ್ಷಣ ಇಲಾಖೆ ನಿಗದಿ ಮಾಡುತ್ತದೆ. ಒಂದು ಮಗು ಕಡಿಮೆಯಾದರೂ ಒಂದು ಹುದ್ದೆ ಕೈತಪ್ಪೀತು. ಹೀಗಿದ್ದೂ ಹಲವೆಡೆ ಇಗರ್ಜಿ (ಚರ್ಚ್) ಶಾಲೆಯ ಆಡಳಿತಕ್ಕೆ ಸಲಹೆ ಕೊಡುವ ಮಂಡಳಿ ವರ್ಷದ ಮೊದಲ ಸಭೆಗೆ ಕೂರುವುದು ಜುಲೈಯಲ್ಲಿ, ಮಾಡು ಸೋರತೊಡಗಿದ ಮೇಲೆ. ಆಗ ಕೊಟ್ಟ ಸಲಹೆ ಎಷ್ಟೇ ಒಳ್ಳೆಯದಿದ್ದರೂ ಮುಂದಿನ ಜೂನ್‌ವರೆಗೆ ಕಾಯಬೇಕು. ಮಂಡಳಿಯ ಕೆಲಸದಲ್ಲಿ ಅರ್ಧ ಪಾಲು ಸಮಯಕ್ಕೆ ಹೇಳುವುದು, ಉಳಿದರ್ಧ ಲೆಕ್ಕ ಇಟ್ಟು ಬರೆದು ಹೇಳುವುದು.

ಒಪ್ಪುವ ಮೊದಲು

ಮಂಜೇಶ್ವರದಿಂದ ಬೇಳದವರೆಗೆ ಕೊಂಕಣಿ ಮನೆಮಾತಿನ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಆದರೆ ಶಾಲೆ ನಡೆಯುವುದು ಕೇರಳದ ಕಾನೂನಿನಲ್ಲಿ: 1958ರ ಕೇರಳ ಶಿಕ್ಷಣ ಕಾಯ್ದೆ ಮತ್ತು 1959ರ ಶಿಕ್ಷಣ ನಿಯಮಗಳು, ಬಾಯಿಮಾತಿನಲ್ಲಿ ಕೆಇಆರ್. ಮೇಲೆ ಬಿಷಪರ ಮಾತು, ಎದುರಿಗೆ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಯ ಆದೇಶ. ಈ ಎರಡನ್ನೂ ಅರಿಯದವರು ಸಭೆಯಲ್ಲಿ ಏನು ಹೇಳಿದರೂ ಅದು ಅಲ್ಲಿಗೇ ನಿಲ್ಲುತ್ತದೆ.

ಕೆಇಆರ್ ಪ್ರಕಾರ ಶಾಲೆಯ ಹೊಣೆ ಸಂಚಾಲಕರದ್ದು, ಅಂದರೆ ಮ್ಯಾನೇಜರರದ್ದು. ದಿನದ ಆಡಳಿತ ಮುಖ್ಯೋಪಾಧ್ಯಾಯರದ್ದು. ಕಥೋಲಿಕ ಧರ್ಮಸಭೆಯ 1983ರ ಕ್ಯಾನನ್ ಕಾನೂನಿನ 806ನೇ ವಿಧಿ ಕಥೋಲಿಕ ಶಾಲೆಗಳ ಮೇಲ್ವಿಚಾರಣೆಯ ಹಕ್ಕನ್ನು ಬಿಷಪರಿಗೆ ಕೊಟ್ಟಿದೆ. ಪರಿಣತಿಯುಳ್ಳ ಶ್ರೀಸಾಮಾನ್ಯ ಕ್ರೈಸ್ತರು ಧರ್ಮಸಭೆಯ ಗುರುಗಳಿಗೆ ಸಲಹೆಗಾರರಾಗಿ ನೆರವಾಗಬಹುದು ಎಂದು 228ನೇ ವಿಧಿ ಹೇಳುತ್ತದೆ. ಪೋಷಕರೂ ಅಧ್ಯಾಪಕರೂ ಕೂಡಿ ನಡೆಯಬೇಕು, ಪೋಷಕರ ಸಭೆಗಳನ್ನು ಕಟ್ಟಬೇಕು ಎಂದು 796ನೇ ವಿಧಿ ಬಯಸುತ್ತದೆ. ಸಲಹಾ ಮಂಡಳಿ ನಿಂತಿರುವುದು ಈ ಜಾಗದಲ್ಲಿ. ನಿಮ್ಮ ಮಾತಿಗೆ ತೂಕವಿದೆ, ಸಹಿಯ ಅಧಿಕಾರವಿಲ್ಲ. ಇದನ್ನು ಮನಸಾರೆ ಒಪ್ಪಿದವರೇ ಮಂಡಳಿಗೆ ಬರಬೇಕು.

ಕರೆ ಬಂದಾಗ ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಮಂಡಳಿಗೆ ಬರೆದ ನಿಯಮಾವಳಿ ಇದೆಯೇ? ಅವಧಿ ಎಷ್ಟು ವರ್ಷ? ಸಲಹೆ ಒಪ್ಪದಿದ್ದರೆ ಸಂಚಾಲಕರು ಕಾರಣ ಹೇಳುವ ಕ್ರಮವಿದೆಯೇ? ನಿಯಮಾವಳಿ ಇಲ್ಲವೆಂದಾದರೆ ಮೊದಲ ಸಭೆಯ ಮೊದಲ ಕೆಲಸ ಅದನ್ನು ಬರೆಯುವುದು. ಎರಡು ಪುಟ ಸಾಕು: ಉದ್ದೇಶ, ಸದಸ್ಯರ ಸಂಖ್ಯೆ, ಮೂರು ವರ್ಷದ ಅವಧಿ, ಒಬ್ಬರಿಗೆ ಸತತ ಎರಡೇ ಅವಧಿ, ವರ್ಷಕ್ಕೆ ನಾಲ್ಕು ಸಭೆ, ಕೋರಂ ಅರ್ಧಕ್ಕಿಂತ ಒಂದು ಹೆಚ್ಚು. ಪಿಟಿಎ (ಅಧ್ಯಾಪಕ-ಪೋಷಕರ ಸಂಘ), ಮಾತೃ ಸಂಘ, ಮಧ್ಯಾಹ್ನದೂಟ ಸಮಿತಿ, ಇಗರ್ಜಿಯ ಪಾಲನಾ ಮಂಡಳಿ ಇವೆಲ್ಲ ಬೇರೆ ಬೇರೆ ಎಂದೂ ಅದರಲ್ಲಿ ಬರೆದಿಡಿ. ಒಂದೇ ವಿಷಯ ನಾಲ್ಕು ಸಮಿತಿಗಳಲ್ಲಿ ಸುತ್ತಿ ಯಾರೂ ಕೈಗೆತ್ತಿಕೊಳ್ಳದೆ ಉಳಿಯುವುದು ಈ ಗೊಂದಲದಿಂದಲೇ.

ಯಾರು ಬೇಕು

ಒಂಬತ್ತರಿಂದ ಹದಿಮೂರು ಮಂದಿ ಸಾಕು. ಸಂಚಾಲಕರು, ಮುಖ್ಯೋಪಾಧ್ಯಾಯರು, ಪಿಟಿಎ ಮತ್ತು ಮಾತೃ ಸಂಘದ ಅಧ್ಯಕ್ಷರು ಹೇಗೂ ಇರುತ್ತಾರೆ. ಉಳಿದ ಜಾಗಗಳನ್ನು ಪ್ರತಿ ವಾಳೆಗೆ (ಇಗರ್ಜಿಯ ವಾರ್ಡಿಗೆ) ಒಬ್ಬರಂತೆ ಗುರಿಕಾರರಿಗೆ, ಅಂದರೆ ವಾಳೆಯ ಮುಖ್ಯಸ್ಥರಿಗೆ, ಹಂಚುವ ರೂಢಿ ಕೆಲವೆಡೆ ಇದೆ. ಹಬ್ಬದ ಸಮಿತಿಗೆ ಅದು ಸರಿ, ಶಾಲೆಗೆ ಸಾಲದು. ಶಾಲೆಗೆ ಬೇಕಾದವರು ಲೆಕ್ಕಪತ್ರ ಬಲ್ಲ ಒಬ್ಬರು, ಕಟ್ಟಡ ಕೆಲಸ ಬಲ್ಲ ಒಬ್ಬರು, ಆರೋಗ್ಯ ಇಲಾಖೆಯಲ್ಲಿ ದುಡಿದ ಒಬ್ಬರು, ನಿವೃತ್ತ ಅಧ್ಯಾಪಕರೊಬ್ಬರು. ಜತೆಗೆ ಮಲೆಯಾಳ ಓದಿ ಬರೆಯಬಲ್ಲ ಒಬ್ಬರು ಇರಲೇಬೇಕು.

ಕೊನೆಯದು ಚಿಕ್ಕ ವಿಷಯವೆಂದು ತೋರಬಹುದು. ಇಲಾಖೆಯ ಸುತ್ತೋಲೆಗಳು ಬರುವುದು ಮಲೆಯಾಳದಲ್ಲಿ. ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಸದಸ್ಯರಿಗೆ ಅದರ ಸಾರ ತಿಳಿಯುವಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ. ಸುತ್ತೋಲೆ ಬಂದ ಎರಡು ದಿನದೊಳಗೆ ಕನ್ನಡದಲ್ಲಿ ಐದು ಸಾಲಿನ ಸಾರಾಂಶ ಮಾಡಿ ಎಲ್ಲರಿಗೂ ಕಳುಹಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಎದುರುಬದುರು ಪತ್ರ ಬರೆಯುವಾಗ ಮಾತ್ರ ಕನ್ನಡವನ್ನು ಬಿಡಬೇಡಿ. ಸ್ಥಳೀಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಲು ಕಾಸರಗೋಡಿನ ಕನ್ನಡಿಗರಿಗೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅವಕಾಶವಿದೆ. ಕೆಲಸ ಬೇಗ ಆಗಲೆಂದು ಮಲೆಯಾಳದ ಪ್ರತಿಯೊಂದನ್ನು ಜತೆಗಿಡಬಹುದು, ಮೂಲ ಪತ್ರ ಕನ್ನಡದಲ್ಲಿರಲಿ.

ತರಗತಿಯಲ್ಲಿ ಕ್ರೈಸ್ತ ಮಕ್ಕಳಿಗಿಂತ ಹಿಂದೂ, ಮುಸ್ಲಿಂ ಮಕ್ಕಳೇ ಹೆಚ್ಚಿರುವ ಇಗರ್ಜಿ ಶಾಲೆಗಳೂ ಉಂಟು. ಅವರ ಪೋಷಕರಲ್ಲಿ ಇಬ್ಬರಾದರೂ ಮಂಡಳಿಯಲ್ಲಿ ಇರಬೇಕು. ಇಲ್ಲದಿದ್ದರೆ ಮಕ್ಕಳು ಬೇರೆ ಶಾಲೆಗೆ ಹೋಗುತ್ತಿರುವುದೇಕೆ ಎಂಬ ಪ್ರಶ್ನೆಗೆ ಊಹೆಯ ಉತ್ತರವಷ್ಟೇ ಸಿಗುತ್ತದೆ. ಶಾಲೆಯ ಅಧ್ಯಾಪಕರ ಹತ್ತಿರದ ನೆಂಟರನ್ನೂ ಶಾಲೆಗೆ ಸಾಮಾನು ಒದಗಿಸುವವರನ್ನೂ ಸೇರಿಸಬೇಡಿ.

ಏಪ್ರಿಲ್: ಮಾಡು, ಬಾವಿ, ಮಕ್ಕಳು

ಮೊದಲ ಸಭೆ ಏಪ್ರಿಲ್ ಎರಡನೇ ವಾರ ಆಗಲೇಬೇಕು. ಕಟ್ಟಡದ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದೆ ಜೂನ್‌ನಲ್ಲಿ ತರಗತಿ ನಡೆಸುವಂತಿಲ್ಲ. ಅದನ್ನು ಕೊಡುವುದು ಪಂಚಾಯತ್ ಅಥವಾ ನಗರಸಭೆಯ ಇಂಜಿನಿಯರ್. ಮೇ ಕೊನೆಗೆ ಅರ್ಜಿ ಹಾಕಿದರೆ ಅವರು ತೋರಿಸಿದ ಕೊರತೆಯನ್ನು ಸರಿಪಡಿಸಲು ದಿನವೇ ಉಳಿಯದು.

ಹಳೆಯ ಹಂಚಿನ ಕಟ್ಟಡವಾದರೆ ಇಂಜಿನಿಯರ್ ಬರುವ ಮೊದಲು ಮಂಡಳಿಯ ಇಬ್ಬರು ಹೋಗಿ ನೋಡಿ. ಮಧ್ಯಾಹ್ನ 12 ಗಂಟೆಯ ಬಿಸಿಲಿಗೆ ತರಗತಿಯ ಕಿಟಕಿ, ಬಾಗಿಲು ಮುಚ್ಚಿ ತಲೆ ಎತ್ತಿ. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಹಂಚು ಜರುಗಿದೆ ಅಥವಾ ಒಡೆದಿದೆ. ಅದರ ನೇರ ಕೆಳಗೆ ನೆಲದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದರೆ ಹಂಚು ಬದಲಿಸುವವರಿಗೆ ಹುಡುಕುವ ಕೆಲಸವಿಲ್ಲ. ಆಮೇಲೆ ಏಣಿ ಇಟ್ಟು, ಪಕ್ಕಾಸು (ಮಾಡಿನ ಇಳಿಜಾರು ಮರ) ಗೋಡೆಯ ಮೇಲೆ ಕೂರುವ ತುದಿಯನ್ನು ನೋಡಿ. ಕೆಂಪುಕಲ್ಲಿನ ಗೋಡೆ ನೀರು ಹೀರುವುದರಿಂದ ಮರ ಮೊದಲು ಕುಂಬಾಗುವುದು (ಕೊಳೆಯುವುದು) ಅಲ್ಲೇ. ಸ್ಕ್ರೂಡ್ರೈವರ್ ಒತ್ತಿದಾಗ ಅರ್ಧ ಇಂಚು ಒಳಗಿಳಿದರೆ ಆ ಪಕ್ಕಾಸನ್ನು ಬದಲಿಸಬೇಕು, ಬಣ್ಣ ಬಳಿದು ಮುಚ್ಚಬಾರದು. ಹಂಚು ಕೂರುವ ರೀಪಿನ ಮೇಲೆ ಮಣ್ಣಿನ ಗೆರೆ ಕಂಡರೆ ಗೆದ್ದಲು.

ಇನ್ನು ಬಾವಿ. ಮೊದಲ ಮಳೆಯ ನೀರು ಹರಿದುಬಂದ ಮೇಲೆ ಹೊಟ್ಟೆನೋವು, ಕಾಮಾಲೆ ಹರಡುವುದು ಹೆಚ್ಚು. ಅದಕ್ಕೆ ಬ್ಲೀಚಿಂಗ್ ಪೌಡರನ್ನು ಕೈಗೆ ಬಂದಷ್ಟು ಸುರಿದರೆ ಆಗದು, ಲೆಕ್ಕವಿದೆ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಬಂದದ್ದು ಘನ ಮೀಟರ್. ಒಂದು ಘನ ಮೀಟರ್ ಅಂದರೆ 1,000 ಲೀಟರ್. ಪ್ರತಿ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಪೌಡರ್ 70 ಗ್ರಾಂ. ಊರಲ್ಲಿ ರೋಗ ಹಬ್ಬಿದ್ದರೆ ಅದರ ಎರಡರಷ್ಟು. ಪೌಡರನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರಿನಲ್ಲಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣವನ್ನು ಬಾವಿಗೆ ಹಾಕಿದರೆ ನೀರು ಗಡುಸಾಗುತ್ತದೆ. ಕನಿಷ್ಠ ಒಂದು ಗಂಟೆ ಕಳೆದ ಮೇಲೆಯೇ ನೀರು ಸೇದಬೇಕು. ಸಂಜೆ ಹಾಕಿ ಬೆಳಗ್ಗೆ ಸೇದುವುದು ಒಳ್ಳೆಯ ಕ್ರಮ. ಕಳೆದ ವರ್ಷ ಬಾಯಿ ಬಿಚ್ಚಿಟ್ಟ ಪೊಟ್ಟಣದಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹೊಸದನ್ನೇ ತನ್ನಿ.

ಮಕ್ಕಳ ಲೆಕ್ಕಕ್ಕೆ ಬರೋಣ. ಒಂದರಿಂದ ಐದನೇ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಅಧ್ಯಾಪಕರು, ಆರರಿಂದ ಎಂಟರವರೆಗೆ 35ಕ್ಕೆ ಒಬ್ಬರು. ಒಂದನೇ ತರಗತಿಯಲ್ಲಿ 31ನೇ ಮಗು ಇದ್ದರೆ ಇನ್ನೊಂದು ಡಿವಿಷನಿಗೆ ದಾರಿಯಾಗುತ್ತದೆ. ತರಗತಿಗೆ 15 ಮಕ್ಕಳೂ ಇಲ್ಲದ ಶಾಲೆ ಅನ್‌ಎಕನಾಮಿಕ್ (ಲಾಭಕರವಲ್ಲದ) ಶಾಲೆಗಳ ಪಟ್ಟಿಗೆ ಸೇರುತ್ತದೆ. ಅಲ್ಲಿ ತೆರವಾದ ಹುದ್ದೆಗೆ ದಿನಗೂಲಿಯ ಅಧ್ಯಾಪಕರೇ ಗತಿ. ಕನ್ನಡ ಮಾಧ್ಯಮದ ಶಾಲೆ ಹೀಗೆ ಒಮ್ಮೆ ಸೊರಗಿದರೆ ಮತ್ತೆ ತುಂಬಿಕೊಳ್ಳುವುದು ಬಲು ಕಷ್ಟ.

ಅಂಗನವಾಡಿಯಿಂದ ಈ ವರ್ಷ ಹೊರಬರುವ ಮಕ್ಕಳ ಪಟ್ಟಿ ಹಿಡಿದು ಏಪ್ರಿಲ್, ಮೇ ತಿಂಗಳಲ್ಲಿ ಮನೆ ಮನೆಗೆ ಹೋಗಿ. ಒಬ್ಬ ಅಧ್ಯಾಪಕರು, ಒಬ್ಬ ಮಂಡಳಿ ಸದಸ್ಯರು, ಆ ಓಣಿಯ ಒಬ್ಬ ಪೋಷಕರು, ಹೀಗೆ ಮೂವರಿದ್ದರೆ ಸಾಕು. ಮಾತಿನ ಜತೆಗೆ ಕಾಗದವನ್ನೂ ನೋಡಿ. ಆಧಾರ್ ಸರಿಯಿಲ್ಲದ ಮಗು ಲೆಕ್ಕದಿಂದ ಹೊರಗುಳಿದೀತು. ಮಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಜನನ ಪತ್ರ ಕರ್ನಾಟಕದ್ದು, ಅದರಲ್ಲಿ ಹೆಸರು ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ. ‘ಡಿಸೋಜ’ ಒಂದೇ ನಾಲ್ಕು ತರದ ಕಾಗುಣಿತದಲ್ಲಿ ಸಿಗುತ್ತದೆ. ಐದು ತುಂಬಿದ ಮಗುವಿನ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಮೇ ತಿಂಗಳಲ್ಲೇ ಅಕ್ಷಯ ಕೇಂದ್ರಕ್ಕೆ (ಕೇರಳ ಸರಕಾರದ ಸೇವಾ ಕೇಂದ್ರ) ಕಳುಹಿಸಿದರೆ ಆರನೇ ದಿನ ಪರದಾಟವಿಲ್ಲ. ತಲಪಾಡಿ ಗಡಿಯ ಆಚೆ, ಕರ್ನಾಟಕದಿಂದ ಬರುವ ದೊಡ್ಡ ಮಕ್ಕಳಾದರೆ ಹಳೆ ಶಾಲೆಯ ಟಿಸಿ ಮೊದಲೇ ತರಿಸಿಕೊಳ್ಳಲಿ. ದಾಖಲಾತಿಗೆಂದು ಪೋಷಕರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ.

ಸಭೆ, ನಡಾವಳಿ

ಏಪ್ರಿಲ್ ಆದ ಮೇಲೆ ಜೂನ್ ಮೂರನೇ ವಾರ, ಓಣಂ ಪರೀಕ್ಷೆಯ ಫಲಿತಾಂಶ ಬಂದ ಮೇಲೆ, ಜನವರಿಯಲ್ಲಿ, ಹೀಗೆ ಇನ್ನು ಮೂರು ಸಭೆ. ಭಾನುವಾರ ಪೂಜೆ ಮುಗಿದೊಡನೆ ಸಭೆ ಇಡುವುದು ಬೇಡ. ಫಾದರ್‌ಗೆ ಆಗ ಬೇರೆ ಕೆಲಸ, ಅಧ್ಯಾಪಕರಿಗೆ ರಜೆ, ಬೇರೆ ಧರ್ಮದ ಪೋಷಕರು ಇಗರ್ಜಿ ಅಂಗಳದಲ್ಲಿ ಕಾಯುತ್ತ ನಿಲ್ಲಬೇಕು. ಶನಿವಾರ ಮಧ್ಯಾಹ್ನ 3ಕ್ಕೆ ಶಾಲೆಯ ಕೋಣೆಯಲ್ಲೇ ಕುಳಿತು ಒಂದೂವರೆ ಗಂಟೆಯಲ್ಲಿ ಮುಗಿಸಿ. ಕಾರ್ಯಸೂಚಿ ಏಳು ದಿನ ಮೊದಲೇ ಕೈಸೇರಿರಬೇಕು.

ಪುಟ ಸಂಖ್ಯೆ ಹಾಕಿದ, ಹೊಲಿದ ನಡಾವಳಿ ಪುಸ್ತಕ ಒಂದಿರಲಿ. ‘ಹೆಣ್ಣುಮಕ್ಕಳ ಶೌಚಾಲಯ ಸರಿಪಡಿಸಬೇಕೆಂದು ಸಭೆ ಅಭಿಪ್ರಾಯಪಟ್ಟಿತು’ ಎಂದು ಬರೆದರೆ ಮುಂದಿನ ವರ್ಷವೂ ಅದೇ ವಾಕ್ಯ ಬರೆಯಬೇಕಾಗುತ್ತದೆ. ಹೀಗೆ ಬರೆಯಿರಿ: ‘ಹೆಣ್ಣುಮಕ್ಕಳ ಶೌಚಾಲಯದ ಎರಡು ಬಾಗಿಲುಗಳ ಕೆಳಭಾಗ ನೀರು ತಾಗಿ ಕೊಳೆತಿದೆ, ಒಂದಕ್ಕೆ ಚಿಲಕವಿಲ್ಲ. ಮೇ 20ರೊಳಗೆ ಪಿವಿಸಿ ಬಾಗಿಲು ಹಾಕಿಸಬೇಕು. ಮೂರು ಕೊಟೇಶನ್ ತರುವ ಹೊಣೆ ಮಾತೃ ಸಂಘದ ಅಧ್ಯಕ್ಷೆಯದ್ದು. ಹಣ ಹಳೆ ವಿದ್ಯಾರ್ಥಿಗಳ ದೇಣಿಗೆಯಿಂದ. ಸಂಚಾಲಕರ ಒಪ್ಪಿಗೆಗೆ ಮಂಡಿಸಲಾಗಿದೆ.’ ಸಂಚಾಲಕರು ಒಪ್ಪಿದರೆ ಕೆಳಗೆ ಸಹಿ, ಒಪ್ಪದಿದ್ದರೆ ಕಾರಣದ ಒಂದು ಸಾಲು. ಭಿನ್ನಾಭಿಪ್ರಾಯವಿದ್ದರೆ ಸಭೆಯೊಳಗೇ ಹೇಳಿ, ಬರೆಸಿ. ಹೊರಗೆ ವಾಟ್ಸ್ಆ್ಯಪಿನಲ್ಲಿ ಹಾಕಿದರೆ ಮರುದಿನವೇ ಪೋಷಕರಲ್ಲಿ ಎರಡು ಪಂಗಡ.

ಹಣ

ಇಗರ್ಜಿಯ ಖಾತೆ ಬೇರೆ, ಶಾಲೆಯ ಖಾತೆ ಬೇರೆ, ಪಿಟಿಎ ಖಾತೆ ಬೇರೆ. ಒಂದರಿಂದ ಇನ್ನೊಂದಕ್ಕೆ ಸಾಲವೆಂದು ತೆಗೆದ ಹಣ ಫಾದರ್ ವರ್ಗವಾದ ಮೇಲೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಪ್ರತಿ ದೇಣಿಗೆಗೆ ರಶೀದಿ ಕೊಡಿ.

ನಮ್ಮ ಕಡೆ ಹಳೆ ವಿದ್ಯಾರ್ಥಿಗಳೆಂದರೆ ಅರ್ಧ ಊರೇ ಗಲ್ಫಿನಲ್ಲಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸದು. ಕೆನಡಾದ್ದೋ ಬ್ರಿಟನ್ನಿನದ್ದೋ ಪೌರತ್ವ ಪಡೆದವರು ಕೊಟ್ಟರೆ, ಅವರು ಇದೇ ಊರಲ್ಲಿ ಹುಟ್ಟಿದವರಾದರೂ, ಅದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಬರುತ್ತದೆ. ಅದಕ್ಕೆ ನೋಂದಣಿ ಬೇಕು, ಹಣ ಮೊದಲು ಬಂದಿಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೆ. ಶತಮಾನೋತ್ಸವದ ಉತ್ಸಾಹದಲ್ಲಿ ಸ್ಥಳೀಯ ಖಾತೆಯ ಸಂಖ್ಯೆಯನ್ನು ಎಲ್ಲರಿಗೂ ಹಂಚುವ ಮೊದಲು, ಕಳುಹಿಸುವವರ ಪೌರತ್ವ ಯಾವುದೆಂದು ಕೇಳಿ.

ಕೈಹಾಕಬಾರದ ಎರಡು ಕಡೆ

ಅಧ್ಯಾಪಕರ ನೇಮಕ ಒಂದು. ಹಿಂದೆ ದುಡಿದು ಹುದ್ದೆಯಿಲ್ಲದೆ ಹೊರಗಾದವರಿಗೆ ಕೆಇಆರ್‌ನ 51ಎ ನಿಯಮದಂತೆ ಮೊದಲ ಹಕ್ಕಿದೆ. ಅರ್ಹತೆ, ಇಲಾಖೆಯ ಮಂಜೂರಾತಿ, ಇವೆಲ್ಲ ಸಂಚಾಲಕರು ಮತ್ತು ಇಲಾಖೆಯ ನಡುವಿನ ವ್ಯವಹಾರ. ‘ನಮ್ಮ ವಾಳೆಯ ಹುಡುಗಿ’ ಎಂದು ಶಿಫಾರಸು ತರುವ ಸದಸ್ಯರು ಅಂದೇ ಮಂಡಳಿಯಿಂದ ಇಳಿಯುವುದು ಸರಿ. ಕನ್ನಡ ತರಗತಿಗೆ ಕನ್ನಡ ಚೆನ್ನಾಗಿ ಬಲ್ಲವರೇ ಬರಬೇಕೆಂದು ಬರೆದು ಕೊಡುವುದು ಮಾತ್ರ ಮಂಡಳಿಯ ಹಕ್ಕು, ಕರ್ತವ್ಯ ಕೂಡ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದ ದೂರು ಇನ್ನೊಂದು. ಅದು ನಿಮ್ಮ ಕಿವಿಗೆ ಬಿದ್ದರೆ ಸಭೆ ಕರೆಯಬೇಡಿ, ಮಗುವನ್ನು ಕೂರಿಸಿ ಪ್ರಶ್ನೆ ಕೇಳಬೇಡಿ, ಎರಡೂ ಕಡೆಯವರನ್ನು ಕರೆಸಿ ಮಾತಾಡಿಸಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೇ ಸೆಕ್ಷನ್ನಿನಡಿ ಅಪರಾಧ. ಮಕ್ಕಳ ಸಹಾಯವಾಣಿ 1098. ಆರೋಪ ಅಧ್ಯಾಪಕರ ಮೇಲಿರಲಿ, ಧರ್ಮಗುರುಗಳ ಮೇಲಿರಲಿ, ಮಂಡಳಿಯ ಸದಸ್ಯರ ಮೇಲೇ ಇರಲಿ, ಕ್ರಮ ಇದೊಂದೇ. ಶಾಲೆಯ ಹೆಸರು ಉಳಿಸುವ ನೆಪದಲ್ಲಿ ಒಂದು ದಿನವೂ ತಡಮಾಡಕೂಡದು.

ಅವಧಿ ಮುಗಿದಾಗ

ನಡಾವಳಿ ಪುಸ್ತಕ, ಫಿಟ್‌ನೆಸ್ ಸರ್ಟಿಫಿಕೇಟಿನ ಪ್ರತಿ, ಮೂರು ವರ್ಷದ ಆರನೇ ದಿನದ ಮಕ್ಕಳ ಲೆಕ್ಕ, ಬಾವಿಯ ಅಳತೆ, ಅರ್ಧಕ್ಕೆ ನಿಂತ ಕೆಲಸಗಳ ಪಟ್ಟಿ, ಇಷ್ಟನ್ನೂ ಒಂದೇ ಕಡತದಲ್ಲಿಟ್ಟು ಹೊಸಬರಿಗೆ ಮಾರ್ಚ್ ಮುಗಿಯುವ ಮೊದಲೇ ಒಪ್ಪಿಸಿ. ಹಳೆ ಮಂಡಳಿಯ ಇಬ್ಬರಾದರೂ ಹೊಸಬರ ಏಪ್ರಿಲ್ ಸಭೆಗೆ ಬಂದು ಕೂರಲಿ.