ಸಿಟ್ಟು ಇಳಿಸುವ ಇಂಗ್ಲಿಷ್ ಪದಗಳು: ನಾನು ಬೇರ್ಪಡಿಸಿಕೊಂಡ ಬಗೆ

ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಯಾರೋ ಮುನಿಯುವುದು, ಇನ್ಯಾರೋ ಆ ಮುನಿಸು ಇಳಿಸಲು ಓಡಾಡುವುದು ಪತ್ರಿಕೆಗೆ ನಿತ್ಯದ ಸುದ್ದಿ. ಮಂತ್ರಿಗಿರಿ ತಪ್ಪಿದ ಶಾಸಕ, ಬಾಕಿ ಹಣಕ್ಕಾಗಿ ರಸ್ತೆಗಿಳಿದ ಕಬ್ಬು ಬೆಳೆಗಾರ, ಗಡಿ ವಿಚಾರಕ್ಕೆ ಕೆರಳಿದ ನೆರೆದೇಶ. ಇಂಗ್ಲಿಷ್ ಪ್ರತಿಯಲ್ಲಿ ಅಪೀಸ್, ಪ್ಲಕೇಟ್, ಪ್ಯಾಸಿಫೈ, ಮಾಲಿಫೈ ಎಂದು ಪದಗಳು ಬದಲಾಗುತ್ತಿರುತ್ತವೆ. ಎಲ್ಲಕ್ಕೂ ‘ಸಮಾಧಾನಪಡಿಸು’ ಎಂದು ಬರೆದರೂ ವಾಕ್ಯ ನಿಲ್ಲುತ್ತದೆ. ಆದರೆ ವರದಿಗಾರ ಹೇಳಿದ್ದರಲ್ಲಿ ಅರ್ಧ ಸೋರಿಹೋಗುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ.

ಸಿಟ್ಟು ಎಷ್ಟು ಇಳಿಯಿತು ಎಂದು ಅಳೆಯುತ್ತ ಹೋದರೆ ಈ ಪದಗಳು ಬೇರಾಗುವುದಿಲ್ಲ. ಯಾರ ಕೈ ಮೇಲಿದೆ, ಸಿಟ್ಟು ಇಳಿಸಲು ಕೊಟ್ಟದ್ದೇನು, ಸಿಟ್ಟಿನ ಕಾರಣ ಹೋಯಿತೋ ಉಳಿಯಿತೋ ಎಂದು ಪ್ರತಿ ವಾಕ್ಯವನ್ನೂ ಕೇಳುವುದು ನನ್ನ ರೂಢಿ. ಉತ್ತರ ಸಿಕ್ಕಿದರೆ ಕನ್ನಡ ಪದ ತಾನಾಗಿ ಬರುತ್ತದೆ.

ಹೆಚ್ಚು ಎಚ್ಚರ ಬೇಡುವುದು ಅಪೀಸ್. ಹಳೆಯ ಫ್ರೆಂಚಿನಲ್ಲಿ ಅದರ ಮೂಲ ಶಾಂತಿ. 1930ರ ದಶಕದಲ್ಲಿ ಬ್ರಿಟನ್ನಿನ ಪ್ರಧಾನಿ ನೆವಿಲ್ ಚೇಂಬರ್ಲೇನ್ ತಮ್ಮ ನೀತಿಗೆ ಅಪೀಸ್‌ಮೆಂಟ್ ಎಂಬ ಪದವನ್ನು ಹಿಂಜರಿಯದೆ ಬಳಸುತ್ತಿದ್ದರು. 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಒಪ್ಪಂದವಾಯಿತು, ಜೆಕೊಸ್ಲೊವಾಕಿಯದ ಸುಡೆಟನ್‌ಲ್ಯಾಂಡ್ ಹಿಟ್ಲರನ ಪಾಲಾಯಿತು. ಮುಂದಿನ ಮಾರ್ಚ್‌ನಲ್ಲಿ ಅವನ ಸೇನೆ ಪ್ರಾಗ್‌ಗೆ ನುಗ್ಗಿತು, ಸೆಪ್ಟೆಂಬರಿನಲ್ಲಿ ಪೋಲೆಂಡ್ ಮೇಲೆ ಬಿತ್ತು. ಅಂದಿನಿಂದ ರಾಜಕೀಯದಲ್ಲಿ ಆ ಪದಕ್ಕೆ ಅಂಟಿದ ಕಳಂಕ ಹೋಗಿಲ್ಲ: ಹೆದರಿ, ನ್ಯಾಯ ಬಿಟ್ಟು, ಬಲಶಾಲಿಗೆ ಬೇಕಾದ್ದನ್ನು ಕೊಡುವುದು. ನಮ್ಮಲ್ಲಿ ‘ಓಲೈಕೆ’, ‘ತುಷ್ಟೀಕರಣ’ ಇದಕ್ಕೆ ಸರಿಸಮ. ಆದರೆ ಇವು ಆರೋಪ ಮಾಡುವವರ ಪದಗಳು. ಹಾಗಾಗಿ ನಾನು ಅವನ್ನು ಸುದ್ದಿಯ ಮಾತಾಗಿ ಬರೆಯುವುದಿಲ್ಲ, ಹೇಳಿದವರ ಬಾಯಲ್ಲೇ ಇಟ್ಟು ‘ಎಂದು ಟೀಕಿಸಿದರು’ ಅನ್ನುತ್ತೇನೆ. ಹಸಿವನ್ನು ಅಪೀಸ್ ಮಾಡಿದಾಗ ಮಾತ್ರ ಕಳಂಕವಿಲ್ಲ, ಅಲ್ಲಿ ‘ತಣಿಸು’ ಸಾಕು.

ದೇವತೆಯ ಕೋಪಕ್ಕೆ ಇಂಗ್ಲಿಷಿನಲ್ಲಿ ಪ್ರೊಪಿಷಿಯೇಟ್ ಎಂಬ ಪದವಿದೆ. ಕೋಪ ಬರುವ ಮೊದಲೇ ಒಲಿಸಿಕೊಳ್ಳುವುದೂ ಅದರಲ್ಲಿ ಸೇರಿದೆ. ಮಾರಿಹಬ್ಬದಲ್ಲಿ ತಂಬಿಟ್ಟಿನಾರತಿ ಹೊತ್ತವರು ‘ಅಮ್ಮನನ್ನು ತಂಪು ಮಾಡುವುದು’ ಅನ್ನುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಅನುವಾದ ನನಗೆ ಬೇಕಿಲ್ಲ.

ಪ್ಲಕೇಟ್ ಬಂದಾಗ ಶೀರ್ಷಿಕೆ ಬರೆಯುವವರ ಕೈ ‘ಮನವೊಲಿಕೆ’ಯತ್ತ ಓಡುತ್ತದೆ. ನನಗದು ಸರಿ ಅನ್ನಿಸುವುದಿಲ್ಲ. ಮನವೊಲಿಸುವುದು ಮಾತಿನಿಂದ, ಪ್ಲಕೇಟ್ ಮಾಡುವುದು ಹೆಚ್ಚಾಗಿ ಏನನ್ನಾದರೂ ಕೊಟ್ಟು. ಅತೃಪ್ತ ಶಾಸಕರಿಗೆ ನಿಗಮದ ಅಧ್ಯಕ್ಷಗಿರಿ ಸಿಕ್ಕಿತು ಎಂದರೆ ಸಿಟ್ಟು ಸದ್ಯಕ್ಕೆ ತಣ್ಣಗಾಗಿದೆ, ಕಾರಣ ಹಾಗೇ ಇದೆ. ‘ಅತೃಪ್ತಿ ತಣಿಸಲು ನಿಗಮ’ ಅನ್ನುವುದು ಹೆಚ್ಚು ಪ್ರಾಮಾಣಿಕ ಶೀರ್ಷಿಕೆ. ಕೊಟ್ಟದ್ದು ಬರೀ ಭರವಸೆಯಾಗಿದ್ದರೆ ‘ಮೂಗಿಗೆ ತುಪ್ಪ’ ಎನ್ನಬಹುದು. ಆದರೆ ಅದು ವಿಶ್ಲೇಷಣೆಯ ಪುಟಕ್ಕೆ, ಸುದ್ದಿಗಲ್ಲ.

ಪ್ಯಾಸಿಫೈ ಮಾಡುವವರು ಸಾಮಾನ್ಯವಾಗಿ ಮೇಲಿರುತ್ತಾರೆ: ಅಳುವ ಮಗುವಿನ ಮುಂದೆ ತಾಯಿ, ಗುಂಪಿನ ಮುಂದೆ ಪೊಲೀಸರು. ಅಮೆರಿಕದಲ್ಲಿ ಮಗುವಿನ ಬಾಯಿಗಿಡುವ ರಬ್ಬರ್ ನಿಪ್ಪಲ್ಲಿನ ಹೆಸರೇ ಪ್ಯಾಸಿಫೈಯರ್. ಅದೇ ಪದ ಸೇನೆಯ ಬಾಯಲ್ಲಿ ಬೇರೆಯಾಗುತ್ತದೆ. ವಿಯೆಟ್ನಾಂ ಯುದ್ಧದ ಹಳ್ಳಿಗಳ ಪ್ಯಾಸಿಫಿಕೇಷನ್ ಅನ್ನು ‘ಶಾಂತಗೊಳಿಸುವಿಕೆ’ ಎಂದು ಬರೆದರೆ ಓದುಗರಿಗೆ ಸುಳ್ಳು ಹೇಳಿದಂತೆ. ‘ಹತೋಟಿಗೆ ತರುವ ಕಾರ್ಯಾಚರಣೆ’ ಎಂದೇ ಬರೆಯಬೇಕು.

ಮಾಲಿಫೈ ಪದದ ಬೇರು ಲ್ಯಾಟಿನ್ನಿನ ‘ಮೃದು’. ನೊಂದ ಸ್ವಾಭಿಮಾನ ಒಂದು ಕ್ಷಮೆಯಿಂದಲೋ ಒಳ್ಳೆಯ ಮಾತಿನಿಂದಲೋ ಮೆದುವಾಗುವುದು. ‘ಮೆತ್ತಗಾದರು’ ಎಂದು ಬರೆಯುವ ಆಸೆಯಾಗುತ್ತದೆ, ಆದರೆ ನಮ್ಮಲ್ಲಿ ಮೆತ್ತಗಾದವನು ಸೋತವನೂ ಹೌದು. ಅದಕ್ಕೇ ‘ಮುನಿಸು ಸಡಿಲಿತು’ ಎಂದು ಬಳಸುತ್ತೇನೆ. ಸೂದ್, ಅಸ್ವೇಜ್ ಅಷ್ಟು ಕಾಡುವುದಿಲ್ಲ. ಮೊದಲನೆಯದು ಸಂತೈಸುವುದು, ಎರಡನೆಯದು ಆತಂಕ, ಪಾಪಪ್ರಜ್ಞೆಗಳಂಥ ಭಾವನೆಯ ಭಾರ ಇಳಿಸುವುದು.

ಕನ್ಸಿಲಿಯೇಟ್‌ನಲ್ಲಿ ಎರಡೂ ಕಡೆಯವರನ್ನು ಹತ್ತಿರ ತರುವ ಭಾವವಿದೆ. ಕಾರ್ಖಾನೆ ಮುಷ್ಕರದ ಸುದ್ದಿಯಲ್ಲಿ ಅದು ಕಾನೂನಿನ ಪದವೂ ಹೌದು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಸಂಧಾನಾಧಿಕಾರಿಗೆ ಕಾರ್ಮಿಕರನ್ನೂ ಮಾಲೀಕರನ್ನೂ ಕೂರಿಸಿ ಮಾತಾಡಿಸುವ ಅಧಿಕಾರವಿತ್ತು, ತೀರ್ಪು ಕೊಡುವ ಅಧಿಕಾರವಿರಲಿಲ್ಲ. ‘ಅಧಿಕಾರಿ ಕಾರ್ಮಿಕರನ್ನು ಸಮಾಧಾನಪಡಿಸಿದರು’ ಎಂದುಬಿಟ್ಟರೆ ತಪ್ಪೆಲ್ಲ ಕಾರ್ಮಿಕರದೇ ಎಂಬ ಧ್ವನಿ ಬರುತ್ತದೆ. ‘ಸಂಧಾನ ಸಭೆ ನಡೆಸಿದರು’ ಎಂದಷ್ಟೇ ಬರೆಯುತ್ತೇನೆ. ಒಪ್ಪಂದಕ್ಕೆ ಸಹಿ ಬಿದ್ದಿದ್ದರೆ ಮಾತ್ರ ಮುಂದಿನ ವಾಕ್ಯ.