ಸ್ಕೂಲ್ ಬೋರ್ಡ್‌ಗೆ ನಿಂತು, ಮೊದಲ ಸಲ ಸೋತು ಎರಡನೇ ಸಲ ಗೆದ್ದಿದ್ದು ಹೇಗೆ: ನ್ಯೂಜೆರ್ಸಿಯಿಂದ ನನ್ನ ಅನುಭವ

"ಅಕ್ಕಾ, ನಮ್ಮವರಲ್ಲಿ ಅರ್ಧ ಜನಕ್ಕೆ ವೋಟೇ ಇಲ್ಲ. ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ತೀರಿ?" 2023ರ ಜುಲೈನಲ್ಲಿ ಕನ್ನಡ ಕೂಟದ ಗೆಳತಿಯೊಬ್ಬಳು ಹೀಗೆ ಕೇಳಿದಳು. ಅವಳ ಮಾತಲ್ಲಿ ತಪ್ಪಿರಲಿಲ್ಲ. ಹಿಂದಿನ ವರ್ಷ, ಊರಿನ ಸರ್ಕಾರಿ ಶಾಲೆಗಳ ಆಡಳಿತ ನೋಡುವ ಸ್ಕೂಲ್ ಬೋರ್ಡಿನ ಚುನಾವಣೆಯಲ್ಲಿ ನಾನು ಆರು ಜನರಲ್ಲಿ ಐದನೆಯವಳಾಗಿ ಸೋತಿದ್ದೆ. ಆದರೂ ಕೊನೆ ದಿನ, ಜುಲೈ 31ರ ಸೋಮವಾರ, ಸಂಜೆ 4 ಗಂಟೆಯೊಳಗೆ ಕೌಂಟಿ ಕ್ಲರ್ಕ್ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಬಂದೆ. ನವೆಂಬರ್‌ನಲ್ಲಿ ಗೆದ್ದೆ. ನಿಲ್ಲಬೇಕು ಅಂತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಅರ್ಜಿ, ಸಹಿ, ಖರ್ಚಿನ ಲೆಕ್ಕ ಕೊಡುವುದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ.

ಮೊದಲು ಸೋತ ಕಥೆ. 2022ರಲ್ಲಿ ಹೆಚ್ಚು ಕಡಿಮೆ 6,000 ಡಾಲರ್ ಸುರಿದೆ. ಅಂಗಳದಲ್ಲಿ ನೆಡುವ ಬೋರ್ಡು 300, ಅದಕ್ಕೇ 1,500 ಆಯಿತು. ಊರಿಗೆಲ್ಲ ಎರಡು ಸಲ ಅಂಚೆಯಲ್ಲಿ ಕಳಿಸಿದ ಬಣ್ಣದ ಕಾರ್ಡಿಗೆ 3,500ರ ಹತ್ತಿರ. ಉಳಿದಿದ್ದು ಫೇಸ್‌ಬುಕ್ ಜಾಹೀರಾತಿಗೆ. ರಸ್ತೆ ಬದಿಯ ಸರ್ಕಾರಿ ಜಾಗದಲ್ಲಿ ನೆಟ್ಟಿದ್ದ ಬೋರ್ಡುಗಳನ್ನು ಒಂದೇ ವಾರದಲ್ಲಿ ಕಿತ್ತು ಹಾಕಿದರು. ಸಹಾಯಕ್ಕೆ ಬಂದ ಹೈಸ್ಕೂಲ್ ಹುಡುಗರು ಒಂದಿಡೀ ಬೀದಿಯ ಮೇಲ್‌ಬಾಕ್ಸ್‌ಗಳಲ್ಲಿ ಕರಪತ್ರ ತುರುಕಿ ಬಂದರು. ಸ್ಟಾಂಪಿಲ್ಲದ ಕಾಗದ ಮೇಲ್‌ಬಾಕ್ಸ್ ಒಳಗೆ ಇಡುವಂತಿಲ್ಲ, ಅದು ಫೆಡರಲ್ ಕಾನೂನು. ನಾನೇ ಓಡಿಹೋಗಿ ಒಂದೊಂದಾಗಿ ತೆಗೆದೆ. ಇನ್ನೊಂದು, ಎಚ್1ಬಿ ಅನ್ನುವ ಕೆಲಸದ ವೀಸಾದಲ್ಲಿರುವ ಗೆಳೆಯರೊಬ್ಬರು ಪ್ರೀತಿಯಿಂದ 50 ಡಾಲರ್ ಚೆಕ್ ಕೊಟ್ಟಿದ್ದರು. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ವೀಸಾದಲ್ಲಿರುವವರು ಕೊಡುವಂತಿಲ್ಲ, ಊರ ಮಟ್ಟದ ಚುನಾವಣೆಯಾದರೂ ಅಷ್ಟೇ. ವಾಪಸ್ ಕೊಟ್ಟೆ. ಅವರಿಗೆ ಬೇಜಾರಾಯಿತು, ನನಗೂ.

ಸೋತ ಮೇಲೆ ಡಿಸೆಂಬರ್‌ನಲ್ಲಿ ಬೂತ್‌ವಾರು ಲೆಕ್ಕ ಹಿಡಿದು ಕೂತೆ. ಆಗ ಕಣ್ಣಿಗೆ ಬಿದ್ದಿದ್ದು ಖಾಲಿ ಬಿಟ್ಟ ಮತಗಳು. ಜನ ಮೇಲಿನ ದೊಡ್ಡ ಹುದ್ದೆಗಳಿಗೆ ಹಾಕುತ್ತಾರೆ, ಸ್ಕೂಲ್ ಬೋರ್ಡಿನ ತನಕ ಬರುವುದೇ ಇಲ್ಲ. ಇಲ್ಲಿ ಪಕ್ಷದ ಹೆಸರೂ ಇರುವುದಿಲ್ಲವಲ್ಲ, ಯಾರು ಅಂತ ಗೊತ್ತಿಲ್ಲದಿದ್ದರೆ ಬಿಟ್ಟುಬಿಡುತ್ತಾರೆ. ಹಾಗಾಗಿ ಊರಿಗೆಲ್ಲ ಹೆಸರು ಸಾರುವ ಬದಲು, ತಪ್ಪದೆ ವೋಟ್ ಹಾಕುವವರ ಮನೆಗೆ ಮಾತ್ರ ಹೋಗೋಣ ಅಂತ ತೀರ್ಮಾನಿಸಿದೆ. 2023ರಲ್ಲಿ ಅಧ್ಯಕ್ಷರ ಚುನಾವಣೆಯೂ ಇಲ್ಲ, ಗವರ್ನರ್ ಚುನಾವಣೆಯೂ ಇಲ್ಲ. ಬರುವವರೇ ಕಡಿಮೆ, ಒಂದೊಂದು ಮನೆಗೂ ಬೆಲೆ ಜಾಸ್ತಿ.

ಮತದಾರರ ಪಟ್ಟಿ ತಂದು, ಹಿಂದಿನ ಮೂರು ನವೆಂಬರ್‌ನಲ್ಲೂ ವೋಟ್ ಹಾಕಿದವರನ್ನು ಆರಿಸಿದೆ. ಸುಮಾರು 2,800 ಮನೆ ಸಿಕ್ಕವು. ಅದರಲ್ಲಿ ಯಾವುದನ್ನು ಮೊದಲು ತಟ್ಟಬೇಕು ಅನ್ನುವುದಕ್ಕೆ ಒಂದು ಲೆಕ್ಕ ಮಾಡಿಕೊಂಡಿದ್ದೇನೆ. ಅದನ್ನು ಹೇಳುವುದಿಲ್ಲ, ಮೂರು ವರ್ಷಕ್ಕೆ ಮತ್ತೆ ನಾನೇ ನಿಲ್ಲಬೇಕು. ಅಂಚೆ ಮತಪತ್ರ ತರಿಸಿಕೊಳ್ಳುವವರ ಬಳಿಗೆ ಮಾತ್ರ ಸೆಪ್ಟೆಂಬರ್ ಮುಗಿಯುವುದರೊಳಗೆ ಹೋಗಿಬಿಡಿ. ಅಕ್ಟೋಬರ್ ಮಧ್ಯದಲ್ಲಿ ಹೋದರೆ ಅವರು ಆಗಲೇ ಕವರ್ ಅಂಟಿಸಿ ಕಳಿಸಿರುತ್ತಾರೆ.

ಮಾತಾಡಿದ ವಿಷಯ ಒಂದೇ: ಬಸ್ಸು. ರಾಜ್ಯದ ನಿಯಮದ ಪ್ರಕಾರ ಎಂಟನೇ ತರಗತಿ ತನಕದ ಮಕ್ಕಳಿಗೆ ಮನೆ ಎರಡು ಮೈಲಿಗಿಂತ ದೂರ ಇದ್ದರೆ ಮಾತ್ರ ಬಸ್ಸು ಕೊಡಲೇಬೇಕು, ಹೈಸ್ಕೂಲಿಗೆ ಎರಡೂವರೆ ಮೈಲಿ. ಅದಕ್ಕಿಂತ ಹತ್ತಿರದವರಿಗೆ ಬಿಡುವ ಬಸ್ಸು ಸ್ಕೂಲ್ ಡಿಸ್ಟ್ರಿಕ್ಟಿನ, ಅಂದರೆ ಊರಿನ ಶಾಲಾ ಆಡಳಿತದ ಇಷ್ಟ. ಆಸ್ತಿ ತೆರಿಗೆಯಲ್ಲಿ ಶಾಲೆಗೆ ಹೋಗುವ ಪಾಲನ್ನು ವರ್ಷಕ್ಕೆ 2%ಗಿಂತ ಹೆಚ್ಚಿಸಲು ರಾಜ್ಯ ಸಾಮಾನ್ಯವಾಗಿ ಬಿಡುವುದಿಲ್ಲ, ಖರ್ಚು ಅದಕ್ಕಿಂತ ಜೋರಾಗಿ ಏರುತ್ತದೆ. ಮೊದಲು ಕತ್ತರಿ ಬೀಳುವುದು ಈ ಬಸ್ಸಿಗೇ. ನಮ್ಮ ಬೀದಿಯ ಮಕ್ಕಳು ಫುಟ್‌ಪಾತ್ ಇಲ್ಲದ ರಸ್ತೆಯ ಅಂಚಿನಲ್ಲಿ, ಕತ್ತಲಲ್ಲಿ, ಬ್ಯಾಗ್ ಹೊತ್ತು ನಡೆಯುವುದನ್ನು ನೋಡಿಯೇ ನಾನು ಚುನಾವಣೆಗೆ ಇಳಿದಿದ್ದು.

55 ವರ್ಷ ದಾಟಿದವರ ಕಾಲೊನಿಗೆ ಹೋಗಬೇಡ ಅಂತ ಎಲ್ಲರೂ ಹೇಳಿದರು. ಅಲ್ಲಿ ಶಾಲೆಗೆ ಹೋಗುವ ಮಕ್ಕಳೇ ಇಲ್ಲ, ಅಲ್ವಾ? ನಾನು ಹೋದೆ. ಒಬ್ಬ ಹಿರಿಯರು ಬಾಗಿಲಲ್ಲೇ ನಿಲ್ಲಿಸಿ ಒಳಗಿಂದ ತೆರಿಗೆ ಬಿಲ್ ತಂದರು. ಶಾಲೆಯ ಸಾಲಿನ ಮೇಲೆ ಪೆನ್ನಿನಲ್ಲಿ ಎರಡು ಸಲ ಗೆರೆ ಎಳೆದಿದ್ದರು. ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಹೋಗುತ್ತದೆ. "ಇದಕ್ಕೆ ಏನು ಹೇಳ್ತೀಯ?" ಅಂದರು. ನಾನು ಬಸ್ಸಿನ ರೂಟ್ ನಕ್ಷೆ ಬಿಚ್ಚಿ, ಅರ್ಧ ಖಾಲಿ ಓಡುವ ಎರಡು ಬಸ್ಸನ್ನು ಎಲ್ಲಿ ಸೇರಿಸಬಹುದು ಅಂತ ತೋರಿಸಿದೆ. ಹದಿನೈದು ನಿಮಿಷ ನಿಂತೇ ಮಾತಾಡಿದೆವು. ಮಾರನೇ ದಿನ ಫೋನ್ ಮಾಡಿ, ತಮ್ಮ ಕ್ಲಬ್‌ಹೌಸ್‌ಗೆ ಬಂದು ಇದನ್ನೇ ಹೇಳು ಅಂದರು. ಆ ಕಾಲೊನಿಯ ಬೂತಿನಲ್ಲಿ ನಾನೇ ಮೊದಲು ಬಂದೆ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಗಣೇಶ ಹಬ್ಬದಲ್ಲಿ ಮೇಜು ಹಾಕಿ ಮತದಾರರ ನೋಂದಣಿಗೆ ಕೂತೆ. ಎಂಬತ್ತು ಜನ ಬಂದು ಮಾತಾಡಿಸಿದರು, ನೋಂದಣಿ ಆಗಿದ್ದು ಹನ್ನೊಂದು. ಉಳಿದವರು ವೀಸಾ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವವರು, ನಾಗರಿಕರಲ್ಲ, ಹಾಗಾಗಿ ವೋಟಿಲ್ಲ. ಆದರೆ ಅವರಲ್ಲೇ ಆರು ಜನ ನನ್ನ ಜೊತೆ ವಾರಾಂತ್ಯದಲ್ಲಿ ಬಾಗಿಲು ತಟ್ಟೋಕೆ ಬಂದರು. ಸಂಬಳವಿಲ್ಲದೆ ಕೆಲಸ ಮಾಡೋಕೆ ಅಡ್ಡಿಯಿಲ್ಲ. ಇನ್ನೊಂದು, ಕೈಬರಹದ ಪೋಸ್ಟ್‌ಕಾರ್ಡ್. ಆಗ ಸ್ಟಾಂಪಿಗೆ 51 ಸೆಂಟ್ ಇತ್ತು. ಬಾಗಿಲು ತೆರೆಯದ 600 ಮನೆಗೆ ಬರೆದೆವು. ಹಾಸನದಿಂದ ಬಂದಿದ್ದ ಅತ್ತೆ ದಿನಾ ಮಧ್ಯಾಹ್ನ ಕೂತು ಸ್ಟಾಂಪು ಅಂಟಿಸಿದರು. ಬಣ್ಣದ ಕಾರ್ಡಿಗೆ ಒಬ್ಬರೂ ಉತ್ತರಿಸಿರಲಿಲ್ಲ, ಇದಕ್ಕೆ ಮೂವತ್ತು ಜನ ಫೋನೋ ಮೆಸೇಜೋ ಮಾಡಿದರು.

ನಮ್ಮವರಿಗೆ ಇನ್ನೊಂದು ಮಾತು ತಿಳಿಸಿ ಹೇಳಿದೆ. ಮೂರು ಸೀಟಿದ್ದರೆ ಮೂವರಿಗೆ ಹಾಕಬಹುದು, ಹಾಕಲೇಬೇಕು ಅಂತಿಲ್ಲ. ಗೊತ್ತಿಲ್ಲದ ಇಬ್ಬರಿಗೆ ಸುಮ್ನೆ ಹಾಕಿದ ವೋಟು ನನ್ನನ್ನೇ ಹಿಂದಕ್ಕೆ ತಳ್ಳಬಹುದು.

ಒಟ್ಟು ಖರ್ಚು 1,900 ಚಿಲ್ಲರೆ. ಚುನಾವಣೆ ದಿನ ರಾತ್ರಿ ಮೂರನೇ ಸ್ಥಾನಕ್ಕೆ ನಾನು ನಲವತ್ತು ಮತ ಹಿಂದಿದ್ದೆ. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಉಳಿದ ಅಂಚೆ ಮತ ಎಣಿಸುವ ಹೊತ್ತಿಗೆ ವಾರ ಕಳೆಯಿತು, ನೂರ ನಲವತ್ತರ ಆಸುಪಾಸಿನಲ್ಲಿ ಮುಂದೆ ಬಂದೆ. ಸೆಪ್ಟೆಂಬರ್‌ನಲ್ಲಿ ತಟ್ಟಿದ ಬಾಗಿಲುಗಳು ಅವು. ಜನವರಿ ಮೊದಲ ವಾರ ಪ್ರಮಾಣ ವಚನ ಆಯಿತು. ಮಾರ್ಚ್‌ನಲ್ಲಿ ಬಜೆಟ್ ಬಂದಾಗ ಅದೇ ರೂಟ್ ನಕ್ಷೆಯನ್ನು ಮೇಜಿನ ಮೇಲೆ ಹರವಿದೆ.